ಫೀಸು ಕಟ್ಟುವ ಮೊದಲು, ವಾರ್ಡಿಗೆ ಕಾಲಿಡುವ ಮೊದಲು

ತಮಿಳುನಾಡಿನ ತಳಿ, ಡೆಂಕಣಿಕೋಟೆ, ಬಾಗಲೂರು, ಬೇರಿಕೆ ಕಡೆಯ ಮಕ್ಕಳು ಹತ್ತೋ ಹನ್ನೆರಡೋ ಮುಗಿಸಿ ‘ಆಸ್ಪತ್ರೆ ಕೆಲಸಕ್ಕೆ ಸೇರ್ತೀನಿ’ ಅಂದರೆ ಮನೆಯವರು ನನ್ನ ಹತ್ತಿರ ಕರೆದುಕೊಂಡು ಬರುತ್ತಾರೆ. ಹೊಸೂರಿನಲ್ಲೂ ಗಡಿಯಾಚೆ ಅತ್ತಿಬೆಲೆ, ಚಂದಾಪುರದಲ್ಲೂ ನರ್ಸಾಗಿ ದುಡಿದು, ಈಗ ಹೊಸಬರಿಗೆ ವಾರ್ಡಿನ ಕೆಲಸ ಕಲಿಸುತ್ತಿದ್ದೇನೆ. ಆ ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ಹೇಳುವ ಮಾತುಗಳನ್ನೇ ಇಲ್ಲಿ ಬರೆದಿದ್ದೇನೆ.

1. ಈ ಕೋರ್ಸು ಮುಗಿದ ಮೇಲೆ ಮುಂದೇನು ಎಂದು ಮೊದಲ ದಿನವೇ ಕೇಳಿ

‘ನರ್ಸಿಂಗ್ ಕೋರ್ಸ್, ಆರು ತಿಂಗಳು, ಕೆಲಸ ಗ್ಯಾರಂಟಿ’ ಎಂದು ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ನೋಡಿದವರು ಅದನ್ನು ಮುಗಿಸಿದರೆ ನರ್ಸ್ ಆಗುತ್ತೇವೆ ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಕೆಲವು ತಿಂಗಳಲ್ಲಿ ಮುಗಿಯುವುದು ಸಹಾಯಕರ ತರಬೇತಿ. ಸರ್ಕಾರದ ಕೌಶಲ್ಯ ಯೋಜನೆಗಳಲ್ಲಿ ಅದಕ್ಕೆ ಜನರಲ್ ಡ್ಯೂಟಿ ಅಸಿಸ್ಟೆಂಟ್ ಎಂದು ಹೆಸರು. ಹಾಸಿಗೆ ಹಾಸುವುದು, ಮೈ ಒರೆಸುವುದು, ಊಟ ಮಾಡಿಸುವುದು, ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸುವುದು, ಸ್ಟ್ರೆಚರಿನಲ್ಲಿ ಸ್ಕ್ಯಾನಿಂಗಿಗೆ ಕರೆದೊಯ್ಯುವುದು ಅವರ ಕೆಲಸ. ಒಳ್ಳೆಯ ಸಹಾಯಕಿ ಇಲ್ಲದ ವಾರ್ಡಿನಲ್ಲಿ ರೋಗಿಯ ಬೆನ್ನಿನಲ್ಲಿ ಹುಣ್ಣು ಏಳುತ್ತದೆ. ಆದ್ದರಿಂದ ಇದು ಕೀಳು ಕೆಲಸ ಎಂದು ಯಾರಾದರೂ ಅಂದರೆ ಒಪ್ಪಬೇಡಿ. ಆದರೆ ಆ ಸರ್ಟಿಫಿಕೇಟ್ ತೋರಿಸಿ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಲು ಬರುವುದಿಲ್ಲ. ಎಷ್ಟು ವರ್ಷ ದುಡಿದರೂ ಅದು ತಾನಾಗಿ ನರ್ಸಿಂಗ್ ಆಗಿ ಬದಲಾಗುವುದಿಲ್ಲ.

ಮೇಲೆ ಹತ್ತುವ ದಾರಿ ಬೇರೆ. ಹನ್ನೆರಡನೇ ತರಗತಿ ಆದ ಹೆಣ್ಣುಮಕ್ಕಳಿಗೆ ಎರಡು ವರ್ಷದ ಎಎನ್‌ಎಂ ಇದೆ. ಹುಡುಗರೂ ಹುಡುಗಿಯರೂ ಸೇರಬಹುದಾದದ್ದು ಮೂರು ವರ್ಷದ ಜಿಎನ್‌ಎಂ. ವಿಜ್ಞಾನ ಓದಿದವರಿಗೆ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್. ಎಎನ್‌ಎಂ ಆದವರು ಜಿಎನ್‌ಎಂಗೆ ಹೋಗಬಹುದು, ಜಿಎನ್‌ಎಂ ಆದವರು ಇನ್ನೆರಡು ವರ್ಷ ಓದಿ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಬಹುದು. ಮನೆಯ ಕಷ್ಟಕ್ಕೆ ಮೊದಲು ಸಹಾಯಕಿಯಾಗಿ ಸೇರಿ, ದುಡ್ಡು ಕೂಡಿಸಿಕೊಂಡು ಆಮೇಲೆ ಜಿಎನ್‌ಎಂ ಸೇರಿದವರನ್ನು ನಾನು ಕಂಡಿದ್ದೇನೆ. ಅವರಿಗೆ ಅನುಕೂಲವಾದದ್ದು ಒಂದೇ: ಹನ್ನೆರಡನೆಯದನ್ನು ಪಾಸು ಮಾಡಿಕೊಂಡಿದ್ದರು. ಹತ್ತಕ್ಕೇ ಓದು ನಿಲ್ಲಿಸಬೇಡಿ ಎಂದು ನಾನು ಅಪ್ಪಂದಿರ ಹತ್ತಿರ ಜಗಳವಾಡುವುದು ಇದಕ್ಕೇ.

2. ಟೆಕ್ನಿಷಿಯನ್ ಕೋರ್ಸಾದರೆ ಗಂಟೆ ಲೆಕ್ಕ ಕೇಳಿ

ಲ್ಯಾಬ್, ಡಯಾಲಿಸಿಸ್, ಆಪರೇಷನ್ ಥಿಯೇಟರ್ ಕೆಲಸಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ಕಾಯ್ದೆ ತಂದಿತು. ಆ ಕಾಯ್ದೆಯ ಪ್ರಕಾರ ಅಲೈಡ್ ಹೆಲ್ತ್ ವೃತ್ತಿಯವರು ಎನಿಸಿಕೊಳ್ಳಲು ಎರಡರಿಂದ ನಾಲ್ಕು ವರ್ಷದಲ್ಲಿ ಹರಡಿದ, 2,000 ಗಂಟೆಗೆ ಕಡಿಮೆಯಿಲ್ಲದ ಡಿಪ್ಲೊಮಾ ಅಥವಾ ಡಿಗ್ರಿ ಬೇಕು. ಆರು ತಿಂಗಳ ‘ಲ್ಯಾಬ್ ಟೆಕ್ನಿಷಿಯನ್’ ಸರ್ಟಿಫಿಕೇಟ್ ಹಿಡಿದವರು ನಾಳೆ ಏನು ಮಾಡಬೇಕು? ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲೂ ಪ್ಯಾರಾಮೆಡಿಕಲ್ ಕೋರ್ಸುಗಳು ಕಡಿಮೆ ಫೀಸಿಗೆ ನಡೆಯುತ್ತವೆ. 2022ರ ಜನವರಿಯಲ್ಲಿ ಕೃಷ್ಣಗಿರಿಗೂ ಸರ್ಕಾರಿ ಮೆಡಿಕಲ್ ಕಾಲೇಜು ಬಂತು, ಧರ್ಮಪುರಿಯಲ್ಲಿ ಅದಕ್ಕೂ ಮೊದಲೇ ಇತ್ತು. ಖಾಸಗಿಯವರ ಬಾಗಿಲಿಗೆ ಹೋಗುವ ಮೊದಲು ಅಲ್ಲಿ ವಿಚಾರಿಸಿ.

3. ಮೂಲ ಅಂಕಪಟ್ಟಿ ಯಾರ ಕೈಗೂ ಒತ್ತೆ ಕೊಡಬೇಡಿ

ನೋಡಿ ವಾಪಸ್ ಕೊಡಲಿ, ಜೆರಾಕ್ಸ್ ಇಟ್ಟುಕೊಳ್ಳಲಿ. ನನ್ನ ಕೈಕೆಳಗೆ ಕಲಿತ ಒಬ್ಬ ಹುಡುಗಿಗೆ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿತ್ತು. ಹಳೆಯ ಸಂಸ್ಥೆ ಅಂಕಪಟ್ಟಿ ಬಿಡದೆ ಸತಾಯಿಸಿದ್ದರಿಂದ ಆ ಕೆಲಸ ಕೈತಪ್ಪಿತು. ಅವಳ ಅಮ್ಮ ಗುಲಾಬಿ ತೋಟದಲ್ಲಿ ಕೂಲಿ ಮಾಡಿ ಓದಿಸಿದ್ದರು.

4. ಕೈಗೆ ಕೊಟ್ಟ ಸಣ್ಣ ಕೆಲಸ ಯಾಕೆ ಹಾಗೇ ಮಾಡಬೇಕು ಎಂದು ತಿಳಿದುಕೊಳ್ಳಿ

ನಮ್ಮ ಸೀಮೆಯಲ್ಲಿ ರಾಗಿ ಹೊಲಕ್ಕೆ ಹೋದವರಿಗೆ ಹಾವು ಕಚ್ಚುವುದು ಅಪರೂಪವಲ್ಲ. ಕಚ್ಚಿದ್ದು ಯಾವ ಹಾವು ಎಂದು ಎಷ್ಟೋ ಸಲ ಗೊತ್ತಿರುವುದಿಲ್ಲ. ಆಗ ಡಾಕ್ಟರು ಮೊದಲು ಮಾಡಿಸುವುದು ಇಪ್ಪತ್ತು ನಿಮಿಷದ ರಕ್ತ ಪರೀಕ್ಷೆ. ರೋಗಿಯಿಂದ ಆಗಷ್ಟೇ ತೆಗೆದ ಎರಡು ಮಿಲಿಲೀಟರ್ ರಕ್ತವನ್ನು ಗಾಜಿನ ಟ್ಯೂಬಿಗೆ ಹಾಕಿ ನಿಲ್ಲಿಸಿ, ಇಪ್ಪತ್ತು ನಿಮಿಷ ಮುಟ್ಟದೆ ಬಿಟ್ಟು, ಆಮೇಲೆ ಒಂದೇ ಸಲ ಓರೆ ಮಾಡಿ ನೋಡಬೇಕು. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ಮೈಗೇರಿದೆ ಎಂದರ್ಥ, ಆಂಟಿವೆನಮ್ ಶುರುವಾಗಬೇಕು.

ಟ್ಯೂಬು ತರುವುದು, ಗಡಿಯಾರ ನೋಡುವುದು ಸಹಾಯಕರ ಪಾಲಿಗೆ ಬರುತ್ತದೆ. ‘ಟ್ಯೂಬು ತಾ’ ಅಂದರೆ ಹೊಸಬರು ಹತ್ತಿರ ಸಿಕ್ಕ ಪ್ಲಾಸ್ಟಿಕ್ ಟ್ಯೂಬು ತಂದುಬಿಡುತ್ತಾರೆ, ಇಲ್ಲವೇ ಸೋಪಿನ ಪುಡಿಯಲ್ಲಿ ತೊಳೆದಿಟ್ಟ ಗಾಜಿನದನ್ನು. ರಕ್ತ ಹೆಪ್ಪುಗಟ್ಟುವುದಕ್ಕೆ ಗಾಜಿನ ಮೈ ತಾಗಬೇಕು. ಪ್ಲಾಸ್ಟಿಕ್ಕಿನಲ್ಲಿ, ಸೋಪಿನ ಅಂಶ ಉಳಿದ ಗಾಜಿನಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು. ಆಗ ವಿಷವೇ ಏರದವರಿಗೂ ಆಂಟಿವೆನಮ್ ಕೊಟ್ಟು, ಅದರ ಅಲರ್ಜಿಯಿಂದ ಜೀವಕ್ಕೆ ತೊಂದರೆಯಾದೀತು. ಹೊಸ, ಒಣ, ಶುದ್ಧ ಗಾಜಿನ ಟ್ಯೂಬೇ ಬೇಕು. ಹತ್ತು ನಿಮಿಷಕ್ಕೆ ಆತುರಪಟ್ಟು ಅಲ್ಲಾಡಿಸಲೂ ಬಾರದು.

ಆ ಇಪ್ಪತ್ತು ನಿಮಿಷ ರೋಗಿಯ ಮುಖದ ಮೇಲೂ ಕಣ್ಣಿರಲಿ. ನಾಗರಹಾವು, ಕಟ್ಟುಹಾವಿನ ವಿಷ ನರಗಳನ್ನು ಹಿಡಿಯುತ್ತದೆ, ಟ್ಯೂಬಿನ ರಕ್ತ ಸರಿಯಾಗಿಯೇ ಹೆಪ್ಪುಗಟ್ಟಬಹುದು. ರೆಪ್ಪೆ ಜೋತುಬಿದ್ದರೆ, ಮಾತು ತೊದಲಿದರೆ, ಎಂಜಲು ನುಂಗಲು ಕಷ್ಟವಾದರೆ ತಕ್ಷಣ ಸಿಸ್ಟರನ್ನು ಕೂಗಿ. ಕೂಗಿದ್ದು ಸುಳ್ಳಾದರೂ ಪರವಾಗಿಲ್ಲ, ಯಾರೂ ಬೈಯುವುದಿಲ್ಲ. ಬೈದರೂ ಕೂಗಿ.

5. ‘ಹೂಂ’ ಅಂದ ಮಾತ್ರಕ್ಕೆ ಅರ್ಥವಾಯಿತು ಎಂದುಕೊಳ್ಳಬೇಡಿ

ಹೊಸೂರಿನ ವಾರ್ಡಿನಲ್ಲಿ ಒಂದು ಮಂಚದಲ್ಲಿ ಕನ್ನಡ, ಪಕ್ಕದ್ದರಲ್ಲಿ ತೆಲುಗು, ಅದರಾಚೆ ತಮಿಳು, ಬಾಗಿಲ ಹತ್ತಿರ ಉರ್ದು. ಡಾಕ್ಟರು ತಮಿಳಿನಲ್ಲಿ ಕೇಳಿದ್ದಕ್ಕೆಲ್ಲ ಅಂಚೆಟ್ಟಿ ಕಡೆಯ ಅಜ್ಜಿ ತಲೆಯಾಡಿಸುತ್ತಾಳೆ. ದೊಡ್ಡವರಿಗೆ ಇಲ್ಲ ಅನ್ನಬಾರದು ಎಂಬ ಸಂಕೋಚ ಅವಳದು. ಡಾಕ್ಟರು ಹೋದ ಮೇಲೆ ಮಂಚದ ಹತ್ತಿರ ಕೂತು ‘ಅಜ್ಜೀ, ಸಕ್ಕರೆ ಮಾತ್ರೆ ಯಾವಾಗ ತಗೋತೀಯ, ಹೇಳು’ ಎಂದು ಅವಳ ಬಾಯಿಂದಲೇ ಹೇಳಿಸಿ. ಊಟ ಬಿಟ್ಟ ದಿನವೂ ಮಾತ್ರೆ ನುಂಗುತ್ತಿದ್ದಳು ಎನ್ನುವುದು ಹೊರಬರುವುದು ಆಗಲೇ. ಸಕ್ಕರೆ ಅಂಶ ಕುಸಿದು ಬಿದ್ದು ಬಂದವರಲ್ಲಿ ಎಷ್ಟೋ ಜನರ ಕಥೆ ಇದೇ. ಕೇಳಿದ್ದನ್ನು ಸಿಸ್ಟರಿಗೆ ತಿಳಿಸಿ, ಕೇಸ್ ಶೀಟಿನಲ್ಲಿ ಬರೆಸಿ. ನಮ್ಮ ಮಕ್ಕಳು ಮೂರು ನಾಲ್ಕು ಭಾಷೆ ಆಡುತ್ತಲೇ ಬೆಳೆದವರು. ಬೊಮ್ಮಸಂದ್ರದ ದೊಡ್ಡ ಆಸ್ಪತ್ರೆಗಳ ಸಂದರ್ಶನದಲ್ಲಿ ಇದನ್ನು ಮೊದಲ ಮಾತಾಗಿ ಹೇಳಿಕೊಳ್ಳಿ ಎನ್ನುತ್ತೇನೆ.

6. ನಿಮಗೆ ಅಧಿಕಾರವಿಲ್ಲದ ಕೆಲಸಕ್ಕೆ ‘ಆಗಲ್ಲ’ ಅನ್ನಿ

ಕೆಲವು ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಸಂಬಳ ಉಳಿಸಲು ಸಹಾಯಕರ ಕೈಯಲ್ಲೇ ಇಂಜೆಕ್ಷನ್ ಕೊಡಿಸುತ್ತಾರೆ. ಹೆಚ್ಚುಕಡಿಮೆಯಾದಾಗ ಹೊಣೆ ನಿಮ್ಮ ತಲೆಗೆ ಬರುತ್ತದೆ. ಕಲಿಯುವ ಆಸೆ ಇದ್ದರೆ ಜಿಎನ್‌ಎಂ ಸೇರಿ ಕಲಿಯಿರಿ.

7. ನಿಮ್ಮ ಮೈ ಕಾಪಾಡಿಕೊಳ್ಳಿ

ಕೆಲಸಕ್ಕೆ ಸೇರುವ ಮೊದಲೇ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿ. ಮೂರು ಡೋಸು, ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಬಳಸಿದ ಸೂಜಿ ಬಿಳಿಯ ಗಟ್ಟಿ ಡಬ್ಬಿಗೆ ನೇರವಾಗಿ ಹೋಗಬೇಕು, ಮುಚ್ಚಳ ಹಾಕಲು ಹೋಗಬೇಡಿ. ಚುಚ್ಚಿದರೆ ಹಿಂಡಬೇಡಿ, ಸೋಪು ನೀರಿನಲ್ಲಿ ತೊಳೆದು ಆಗಲೇ ತಿಳಿಸಿ. ಎಚ್‌ಐವಿ ತಡೆಯುವ ಮಾತ್ರೆಯನ್ನು ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟು ಆ ಹೊತ್ತನ್ನು ಕಳೆದುಕೊಳ್ಳಬೇಡಿ.

8. ತಮಿಳು ಓದಲು ಬರೆಯಲು ಕಲಿಯಿರಿ

ಇದನ್ನು ಹೇಳಿದರೆ ನಮ್ಮವರಲ್ಲಿ ಕೆಲವರಿಗೆ ಬೇಸರವಾಗುತ್ತದೆ. ಕನ್ನಡ ಶಾಲೆ ಉಳಿಯಬೇಕು ಎನ್ನುವವರಲ್ಲಿ ನಾನೂ ಒಬ್ಬಳು. ಆದರೆ ತಮಿಳುನಾಡಿನ ಸರ್ಕಾರಿ ಕೆಲಸಕ್ಕೆ ತಮಿಳು ಬರಲೇಬೇಕು. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಶಾಲೆ ಸೇರಿದವರಿಗೆ ಅಕ್ಷರ ಗೊತ್ತಿರುತ್ತದೆ. ಅದಕ್ಕೂ ಮೊದಲು ಕನ್ನಡ ಮಾಧ್ಯಮದಲ್ಲಿ ಓದಿದವರು ಈಗಲೂ ಕೂತು ಕಲಿಯಬಹುದು. ಅತ್ತಿಬೆಲೆ ದಾಟಿ ಓದಿದವರು ಇನ್ನೊಂದು ನೆನಪಿಡಿ: ನೋಂದಣಿ ಆಗುವುದು ಕರ್ನಾಟಕದ ಕೌನ್ಸಿಲಿನಲ್ಲಿ. ಊರಿಗೆ ಬಂದು ದುಡಿಯಲು ಅದನ್ನು ತಮಿಳುನಾಡಿನ ಕೌನ್ಸಿಲಿಗೆ ವರ್ಗಾಯಿಸಿಕೊಳ್ಳಬೇಕು. ಕಾಗದ ಓಡಾಡಲು ಸಮಯ ಹಿಡಿಯುತ್ತದೆ, ಬೇಗ ಶುರು ಮಾಡಿ.

9. ಕೆಲಸ ಆಸ್ಪತ್ರೆಯ ಹೊರಗೂ ಇದೆ

ಐನೂರಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಆಂಬ್ಯುಲೆನ್ಸ್ ಕೊಠಡಿಯೂ ಅದಕ್ಕೆ ವೈದ್ಯಕೀಯ, ನರ್ಸಿಂಗ್ ಸಿಬ್ಬಂದಿಯೂ ಇರಬೇಕು ಎಂಬ ನಿಯಮ 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ಇದೆ. ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಅಂಥ ಕಾರ್ಖಾನೆಗಳಿಗೆ ಬರವಿಲ್ಲ. ಬೆರಳು ಜಜ್ಜಿಕೊಂಡು, ಕಣ್ಣಿಗೆ ಲೋಹದ ಪುಡಿ ಬಿದ್ದು ಬರುವವರಿಗೆ ಮೊದಲ ಉಪಚಾರ ಸಿಗುವುದು ಅಲ್ಲೇ. ಜಿಎನ್‌ಎಂ ಆದವರು ಅದನ್ನು ವಿಚಾರಿಸುವುದೇ ಇಲ್ಲ ಎನ್ನುವುದು ನನಗೆ ಆಶ್ಚರ್ಯ.

ಊರು ಬಿಡಲಾಗದ ಹೆಂಗಸರಿಗೆ ಇನ್ನೊಂದು ದಾರಿ ಇದೆ. ಮನೆಬಾಗಿಲಿಗೇ ಹೋಗಿ ಬಿಪಿ, ಸಕ್ಕರೆ ನೋಡಿ ಮಾತ್ರೆ ತಲುಪಿಸುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರ ಆಗಸ್ಟ್ 5ರಂದು ಶುರುವಾದದ್ದೇ ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಅದರ ಆರೋಗ್ಯ ಕಾರ್ಯಕರ್ತೆಯರು ಊರಿನ ಹೆಂಗಸರೇ. ಸಿಗುವುದು ಗೌರವಧನ, ಪೂರಾ ಸಂಬಳವಲ್ಲ. ಆದರೂ ಅದರಲ್ಲಿ ದುಡಿದವರಿಗೆ ಬಿಪಿ ಪಟ್ಟಿ ಕಟ್ಟುವ ಕೈ ಕುದುರಿರುತ್ತದೆ, ಹಳ್ಳಿಯ ಕಾಯಿಲೆಗಳ ಪರಿಚಯವಿರುತ್ತದೆ. ತರಬೇತಿಗೆ ಬಂದರೆ ಬೇಗ ಕಲಿಯುತ್ತಾರೆ.

10. ನೈಟ್ ಡ್ಯೂಟಿಯ ಮಾತು ಮನೆಯಲ್ಲಿ ಮೊದಲೇ ಆಗಲಿ

ಸೇರಿದ ಮೇಲೆ ಹೇಳಿದರೆ ಮನೆಯವರು ಬಿಡಿಸಿಬಿಡುತ್ತಾರೆ. ಸಂಜೆ ಡ್ಯೂಟಿ ಮುಗಿಯುವ ಹೊತ್ತಿಗೆ ತಳಿ, ಅಂಚೆಟ್ಟಿ ಕಡೆಗೆ ಬಸ್ಸು ಸಿಗುವುದು ಕಷ್ಟ. ಕತ್ತಲಾದ ಮೇಲೆ ಆ ದಾರಿಯಲ್ಲಿ ಆನೆಯ ಭಯವೂ ಇದೆ. ಆದ್ದರಿಂದ ಸಂಬಳ ಕೇಳುವಾಗಲೇ ಹಾಸ್ಟೆಲ್ ಉಂಟೇ, ವ್ಯಾನು ಎಲ್ಲಿಯವರೆಗೆ ಬಿಡುತ್ತದೆ, ತಿಂಗಳಿಗೆ ಎಷ್ಟು ನೈಟ್ ಎಂದು ಕೇಳಿ. ಸಾಧ್ಯವಾದರೆ ಅಮ್ಮನನ್ನೋ ಅತ್ತೆಯನ್ನೋ ಒಂದು ದಿನ ಕರೆದುಕೊಂಡು ಬಂದು ವಾರ್ಡು, ಹಾಸ್ಟೆಲು ಎರಡನ್ನೂ ತೋರಿಸಿ. ಒಪ್ಪುವ ಆಸ್ಪತ್ರೆಗಳಿವೆ, ನಾನೇ ಎಷ್ಟೋ ತಾಯಂದಿರನ್ನು ವಾರ್ಡಿನೊಳಗೆ ಸುತ್ತಾಡಿಸಿದ್ದೇನೆ.