ಅಜ್ಜನ ಯೆಜ್ಡಿಯ ಹಿಂದಿನ ಗಾಲಿ

ದಸರಾ ರಜೆಗೆ ಹೂವಿನಹಡಗಲಿಗೆ ಹೋದ ದಿನ ಅಪ್ಪ ಹೇಳಿದ್ದು ಒಂದೇ ಮಾತು: "ಮುಂದಿನ ಸೋಮವಾರ ಗುಜರಿಯವ ಬರ್ತಾನ. ಗಾಡಿ ಅಂಗಳಕ್ಕ ತಂದು ಇಡ್ಬೇಕು."

ಗಾಡಿ ಅಂದ್ರೆ ಅಜ್ಜನ ಯೆಜ್ಡಿ. ಬೆಳಗಿನ ಜಾವ ಬಿಡಿಸಿದ ಮಲ್ಲಿಗೆ ಮೊಗ್ಗನ್ನ ಅರಳೋದಕ್ಕೆ ಮುಂಚೆ ಪೇಟೆಗೆ ಮುಟ್ಟಿಸ್ತಿದ್ದದ್ದು ಇದೇ ಗಾಡಿ. ಅಜ್ಜ ಹೋದ ಮೇಲೆ ಆರು ವರ್ಷ ದನದ ಕೊಟ್ಟಿಗೆಯಲ್ಲಿ ನಿಂತಿತ್ತು. ತಳ್ಳಿ ನೋಡಿದೆ. ಹಿಂದಿನ ಗಾಲಿ ಉರುಳಲೇ ಇಲ್ಲ, ಟೈರ್ ನೆಲದ ಮೇಲೆ ಗೆರೆ ಎಳೀತು ಅಷ್ಟೇ. ನಾಲ್ಕು ಜನ ಸೇರಿ ಎತ್ತಿದ್ರಾಯ್ತು ಅಂದ್ರು ಅಪ್ಪ. ನಾನು ಸೋಮವಾರದವರೆಗೆ ಟೈಮ್ ಕೇಳಿದೆ.

ಯೆಜ್ಡಿ ನಮ್ಮ ಮೈಸೂರಿನದು ಅಂತ ನಮ್ಮ ಹಾಸ್ಟೆಲ್‌ನಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಅಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಡಿಸೈನಿನ ಗಾಡಿ ಮಾಡ್ತಿತ್ತು, ಆಮೇಲೆ ಯೆಜ್ಡಿ ಹೆಸರು ಬಂತು, 1996ರಲ್ಲಿ ಬಾಗಿಲು ಹಾಕಿತು. ಈಗ ಅದೇ ಹೆಸರಲ್ಲಿ ಬರೋ ಹೊಸ ಗಾಡಿಯ ಹಬ್ ಇದಕ್ಕೆ ಕೂರಲ್ಲ. ಅಂದ್ರೆ ನಾನು ಇದನ್ನ ಒಡೆದು ಹಾಕಿದ್ರೆ ಶೋರೂಮ್‌ಗೆ ಹೋಗಿ ಹೊಸದು ತರೋ ಹಾಗಿಲ್ಲ.

ಆದ್ರೂ ಮೊದಲ ದಿನ ಒಡೆಯೋ ಕೆಲಸಾನೇ ಮಾಡಿದೆ. ನಟ್ ಬಿಚ್ಚಿ, ಆಕ್ಸಲ್‌ನ ಥ್ರೆಡ್ ಇರೋ ತುದಿಗೆ ದೊಡ್ಡ ಸುತ್ತಿಗೆಯಿಂದ ಹತ್ತು ಏಟು ಹಾಕಿದೆ. ಆಕ್ಸಲ್ ಕೂದಲಷ್ಟೂ ಸರೀಲಿಲ್ಲ. ತುದಿ ಮಾತ್ರ ಅಣಬೆ ಹಾಗೆ ಅರಳಿತು. ಯೋಚನೆ ಮಾಡಿ: ತುದಿ ದಪ್ಪ ಆದ ಆಕ್ಸಲ್ ಇನ್ನು ಬೇರಿಂಗ್ ತೂತಿನಿಂದ ಹೇಗೆ ಹೊರಗೆ ಬರುತ್ತೆ? ನಾನೇ ಅದಕ್ಕೆ ಬೀಗ ಹಾಕಿದ್ದೆ.

ಬಸ್ ಸ್ಟ್ಯಾಂಡ್ ಕಡೆ ಗ್ಯಾರೇಜ್ ಇಟ್ಟಿರೋ ಚಾಚಾ ಬಂದು ನೋಡಿ ನಕ್ಕರು. "ತಮ್ಮಾ, ಹಿಡ್ಕೊಂಡಿರೋದು ಯಾವುದು ಅಂತ ನೋಡೀ ಏನು? ಮೊದ್ಲು ಅದನ್ನ ನೋಡು, ಆಮ್ಯಾಲ ಸುತ್ತಿಗಿ." ಅರಳಿದ ತುದಿಯನ್ನ ಅರದಿಂದ ಉಜ್ಜಿ, ಡೈ ಹಾಕಿ ಥ್ರೆಡ್ ಸರಿ ಮಾಡಿಕೊಟ್ಟರು. ದುಡ್ಡು ತಗೊಳ್ಳಲಿಲ್ಲ.

ಹಬ್ ಒಳಗೆ ಏನಿದೆ ಅಂತ ಒಮ್ಮೆ ಕಣ್ಮುಂದೆ ತಂದುಕೊಳ್ಳಿ. ನಡುವೆ 15 ಮಿ.ಮೀ. ದಪ್ಪದ ಉಕ್ಕಿನ ಆಕ್ಸಲ್. ಅದರ ಮೇಲೆ ಎರಡು ಬೇರಿಂಗ್, ಎರಡರ ಮಧ್ಯೆ ಒಂದು ಸ್ಪೇಸರ್ ಕೊಳವೆ. ಬೇರಿಂಗ್‌ನ ಹೊರಗಿನ ರಿಂಗ್ ಅಲ್ಯೂಮಿನಿಯಂ ಹಬ್‌ನಲ್ಲಿ ಬಿಗಿಯಾಗಿ ಕೂತಿರುತ್ತೆ. ಒಂದು ಪಕ್ಕ ಬ್ರೇಕ್ ಡ್ರಮ್. ಯೆಜ್ಡಿಯಲ್ಲಿ ಆಕ್ಸಲ್ ಎಳೆದ್ರೆ ಚೈನ್ ಬಿಚ್ಚದೇ ಗಾಲಿ ಹೊರಗೆ ಬರುತ್ತೆ. ಆಕ್ಸಲ್ ಬಂದ್ರೆ!

ಹಾಗಾಗಿ "ಗಾಲಿ ಜಾಮ್ ಆಗಿದೆ" ಅನ್ನೋದರಲ್ಲಿ ಮೂರು ಬೇರೆ ಬೇರೆ ಕಾಯಿಲೆ ಇರಬಹುದು. ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಂಡಿರಬಹುದು, ಬೇರಿಂಗ್ ಗುಂಡುಗಳು ತುಕ್ಕಲ್ಲಿ ನಿಂತಿರಬಹುದು, ಆಕ್ಸಲ್ ಬೇರಿಂಗ್‌ನ ಒಳ ರಿಂಗ್‌ಗೆ ಅಂಟಿರಬಹುದು. ನಮ್ಮದಕ್ಕೆ ಮೂರೂ ಇತ್ತು. ಬ್ರೇಕ್ ಅಡ್ಜಸ್ಟ್ ನಟ್ ಪೂರ್ತಿ ಸಡಿಲಿಸಿ, ಬ್ರೇಕ್ ಲಿವರನ್ನ ಹಿಂದಕ್ಕೆ ಮೆಲ್ಲಗೆ ತಟ್ಟಿದಾಗ ಶೂ ಬಿಟ್ಟಿತು. ಗಾಲಿ ಕಷ್ಟಪಟ್ಟು, ಕರಕರ ಅಂತ ತಿರುಗಿತು. ಆಕ್ಸಲ್ ತಲೆ ಮೇಲೆ ಸೀಮೆಸುಣ್ಣದ ಗೆರೆ ಹಾಕಿ ಮತ್ತೆ ತಿರುಗಿಸಿದೆ. ಗಾಲಿ ಜೊತೆ ಆಕ್ಸಲ್ ಕೂಡ ತಿರುಗ್ತಿತ್ತು. ಅಂದ್ರೆ ಬೇರಿಂಗ್ ನಿಂತಿದೆ, ಆಕ್ಸಲ್ ಅದಕ್ಕೆ ಅಂಟಿದೆ.

ಅಂಟಿಸಿದ್ದು ತುಕ್ಕು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತೆ. ಆಕ್ಸಲ್‌ಗೂ ರಿಂಗ್‌ಗೂ ನಡುವೆ ಇರೋದೇ ಮಿಲಿಮೀಟರಿನ ಕೆಲವು ನೂರನೇ ಭಾಗದಷ್ಟು ಸಂದು. ತುಕ್ಕು ಅಲ್ಲಿ ತುಂಬಿ ಬೆಣೆ ಹಾಗೆ ಒತ್ತುತ್ತೆ. ಇದಕ್ಕೆ ಡೀಸೆಲ್ ಕುಡಿಸಬೇಕು ಅಂದ್ರು ಚಾಚಾ. ಎರಡೂ ತುದಿಗೆ ಬೆಳಿಗ್ಗೆ ಸಂಜೆ ಸ್ವಲ್ಪ ಸ್ವಲ್ಪ, ಮೂರು ದಿನ. ಬ್ರೇಕ್ ಶೂಗೆ ಡೀಸೆಲ್ ಹತ್ತೇ ಹತ್ತುತ್ತೆ, ಆ ಶೂ ಮತ್ತೆ ಹಾಕೋ ಹಾಗಿಲ್ಲ, ಆ ಲೆಕ್ಕ ಮೊದಲೇ ಇಟ್ಕೊಳ್ಳಿ.

ನಾಲ್ಕನೇ ದಿನ ಹೊಡೆಯೋ ಬದಲು ತಿರುಗಿಸಿದ್ವಿ. ಇಲ್ಲಿ ನಮ್ಮ ಫಸ್ಟ್ ಇಯರ್ ಮೆಕ್ಯಾನಿಕ್ಸ್ ಮೊದಲ ಸಲ ಕೆಲಸಕ್ಕೆ ಬಂತು. ಒಂದು ಅಡಿ ಪಾನಾದ ತುದಿಗೆ 20 ಕೆ.ಜಿ. ಭಾರ ಹಾಕಿದ್ರೆ ಸುಮಾರು 60 ನ್ಯೂಟನ್ ಮೀಟರ್ ಟಾರ್ಕ್. ಆಕ್ಸಲ್‌ನ ಅರ್ಧವ್ಯಾಸ 7.5 ಮಿ.ಮೀ. ಭಾಗಿಸಿ ನೋಡಿ: ತುಕ್ಕಿನ ಪದರದ ಮೇಲೆ 8,000 ನ್ಯೂಟನ್, ಹೆಚ್ಚುಕಡಿಮೆ 800 ಕೆ.ಜಿ. ಭಾರ ಬೀಳುತ್ತೆ. ಥ್ರೆಡ್ ಹಾಳಾಗಲ್ಲ, ತುದಿ ಅರಳಲ್ಲ. ತಮ್ಮ ಬ್ರೇಕ್ ಒತ್ತಿ ಗಾಲಿ ಹಿಡಿದ, ನಾನು ಪಾನಾ ಒತ್ತಿದೆ. ಒಮ್ಮೆ ಬಿಗಿ ಮಾಡೋ ಕಡೆ, ಒಮ್ಮೆ ಬಿಚ್ಚೋ ಕಡೆ. ಕಿರ್ ಅಂದು ಗೆರೆ ಸರೀತು.

ನಾನು ಕುಣಿದಾಡಿದೆ. ಚಾಚಾ ಕುಣೀಲಿಲ್ಲ. ತುಕ್ಕು ಬಿಟ್ಟಿತೋ, ನಿಂತ ಬೇರಿಂಗ್ ಉರುಳಿತೋ, ಗೆರೆ ನೋಡಿ ಹೇಳಕ್ಕಾಗಲ್ಲ. ಬರೀ ಬೇರಿಂಗ್ ಉರುಳಿದ್ರೆ ಆಕ್ಸಲ್ ಇನ್ನೂ ಅಂಟಿಕೊಂಡೇ ಇದೆ ಅಂತ ಅರ್ಥ. ನಟ್ಟನ್ನ ತುದಿಗೆ ಸಮವಾಗಿ ಬರೋ ಹಾಗೆ ತಿರುವಿ, ಮೇಲೆ ಹಿತ್ತಾಳೆ ತುಂಡು ಇಟ್ಟು ಸಣ್ಣ ಏಟು ಹಾಕಿದಾಗ ಆಕ್ಸಲ್ ಎರಡು ಮಿ.ಮೀ. ಆಚೆ ಬಂತು. ಆಗ ಚಾಚಾ ಚಹಾ ಕೇಳಿದರು. ತಿರುಗಿಸ್ತಾ ತಟ್ಟುತ್ತಾ ಪೂರ್ತಿ ತೆಗೆಯೋಕೆ ಇನ್ನೊಂದು ಗಂಟೆ.

ಡ್ರಮ್ ಒಳಗಿನ ಧೂಳನ್ನ ಊದಬೇಡಿ, ದಯವಿಟ್ಟು. ಹಳೇ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆ ಎಸೆದುಬಿಡಿ.

ಬೇರಿಂಗ್ ಹೊರಗೆ ತೆಗೆಯೋಕೆ ಗ್ಯಾಸ್ ಟಾರ್ಚ್ ಬೇಕು ಅಂದುಕೊಂಡಿದ್ದೆ. ಡೀಸೆಲ್ ನೆನೆದ ಹಬ್‌ಗೆ ಬೆಂಕಿ ತೋರಿಸೋದು ಹುಚ್ಚುತನ. ಅವ್ವನ ಸ್ನಾನದ ಹಂಡೆ ನೀರು ಸಾಕಾಯ್ತು. ಡೀಸೆಲ್ ಒರೆಸಿ, ಹಬ್‌ಗೆ ಬಟ್ಟೆ ಸುತ್ತಿ, ಕುದಿಯೋ ನೀರು ಹೊಯ್ದೆ. ಅಲ್ಯೂಮಿನಿಯಂ ಉಕ್ಕಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಹಿಗ್ಗುತ್ತೆ. 42 ಮಿ.ಮೀ. ತೂತು, 70 ಡಿಗ್ರಿ ಏರಿಕೆ ಅಂದ್ರೆ ಸುಮಾರು 0.03 ಮಿ.ಮೀ. ಸಡಿಲ. ಕೇಳೋಕೆ ಏನೂ ಅಲ್ಲ, ಆದ್ರೆ ಬೇರಿಂಗ್ ಹಿಡಿದುಕೊಂಡಿರೋದೇ ಅಷ್ಟರಲ್ಲಿ.

ಹಳೇದರ ಮೇಲೆ 6302 ಅಂತ ಇತ್ತು. ಕೊನೆಯ 02 ಅಂದ್ರೆ ಒಳ ತೂತು 15 ಮಿ.ಮೀ. (00 ಅಂದ್ರೆ 10, 01 ಅಂದ್ರೆ 12, 03 ಅಂದ್ರೆ 17, 04ರಿಂದ ಮುಂದೆ ಐದರಿಂದ ಗುಣಿಸಿ). ನಂಬರ್ ಹೇಳಿದ್ರೆ ಸಾಕು, ಯಾವ ಊರಿನ ಅಂಗಡಿಯಲ್ಲೂ ಸಿಗುತ್ತೆ. ಹೊಸದನ್ನ ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು, ಬಿಸಿ ಹಬ್‌ಗೆ ಹಾಕಿದೆ. ತಟ್ಟೋದು ಹೊರ ರಿಂಗ್ ಮೇಲೆ ಮಾತ್ರ. ಒಳ ರಿಂಗ್‌ಗೆ ಹೊಡೆದ್ರೆ ಏಟು ಗುಂಡುಗಳ ಮೂಲಕ ಹೋಗಿ ರೇಸ್‌ನಲ್ಲಿ ಗುಳಿ ಬೀಳುತ್ತೆ. ಸ್ಪೇಸರ್ ಕೊಳವೆ ಮರೀಬೇಡಿ. ಅದಿಲ್ಲದೆ ನಟ್ ಬಿಗಿದ್ರೆ ಎರಡೂ ಒಳ ರಿಂಗ್ ಒಂದರ ಕಡೆ ಒಂದು ಒತ್ತಿ, ಹೊಸ ಬೇರಿಂಗೇ ಜಾಮ್ ಆಗುತ್ತೆ. ನಾನು ಮರೆತಿದ್ದೆ. ಒಂದು ಪಕ್ಕ ಕೂರಿಸಿ ಆದ ಮೇಲೆ, ಕೊಳವೆ ಕೊಟ್ಟಿಗೆ ಕಟ್ಟೆ ಮೇಲೆ ಕೂತಿದ್ದನ್ನ ತಮ್ಮ ತೋರಿಸಿದ. ಆಕ್ಸಲ್‌ನ ಎಮರಿ ಪೇಪರ್‌ನಿಂದ ಉಜ್ಜಿ, ತೆಳ್ಳಗೆ ಗ್ರೀಸ್ ಸವರಿ ಹಾಕಿದ್ವಿ.

ಸೋಮವಾರ ಅಪ್ಪನೇ ಗಾಡಿಯನ್ನ ಅಂಗಳಕ್ಕೆ ತಳ್ಳಿಕೊಂಡು ಬಂದರು, ಒಂದೇ ಕೈಯಲ್ಲಿ. ಗುಜರಿಯವ ಬಂದಾಗ ಎರಡು ಹಳೇ ಬೇರಿಂಗ್, ಬ್ರೇಕ್ ಶೂ, ಒಂದು ತೂತಾದ ಕೊಡ ತೂಕ ಹಾಕಿಸಿ ಕಳಿಸಿದರು. ಗಾಡಿ ಬಗ್ಗೆ ಅವನೂ ಕೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ಎಂಜಿನ್ ಇನ್ನೂ ಜಾಮ್ ಇದೆ. ಅದು ಸಂಕ್ರಾಂತಿ ರಜೆಗೆ.