ಅಡಾಪ್ಟರ್ ಸತ್ತರೆ ಸ್ಪೀಕರ್ ಎಸೆಯಬೇಕೆ?

2012ರಲ್ಲಿ 3,400 ರೂಪಾಯಿ ಕೊಟ್ಟು ತಂದ ಕಂಪ್ಯೂಟರ್ ಸ್ಪೀಕರ್ ಜೋಡಿ ನಮ್ಮ ಮನೆಯಲ್ಲಿದೆ. ಅಮ್ಮ ಬೆಳಿಗ್ಗೆ ದಾಸರ ಪದ ಕೇಳುವುದು ಅದರಲ್ಲೇ. ಕಳೆದ ಮಳೆಗಾಲದ ಒಂದು ಸಂಜೆ ಕರೆಂಟು ನಾಲ್ಕಾರು ಸಲ ಹೋಗಿ ಬಂತು. ಆಮೇಲೆ ಸ್ಪೀಕರಿನ ದೀಪ ಹತ್ತಲೇ ಇಲ್ಲ.

ಸರ್ವಿಸ್ ಸೆಂಟರಿಗೆ ಹೊತ್ತೊಯ್ದೆ. ಕೌಂಟರಿನಲ್ಲಿದ್ದ ಹುಡುಗ ಮುಟ್ಟಿಯೂ ನೋಡದೆ, "ಈ ಮಾಡೆಲ್‌ಗೆ ಅಡಾಪ್ಟರ್ ಬರೋದು ನಿಂತಿದೆ ಸಾರ್, ಹೊಸ ಸ್ಪೀಕರೇ ತಗೊಳ್ಳಿ" ಎಂದ. ಹೊಸದಕ್ಕೆ 4,800 ರೂಪಾಯಿ. ಗೋಡೆಗೆ ಸಿಕ್ಕಿಸುವ ಕರಿ ಡಬ್ಬಿ ಕೆಟ್ಟಿತೆಂದು ಅಷ್ಟು ಹಣ ಸುರಿಯಲು ನನಗೆ ಮನಸ್ಸು ಬರಲಿಲ್ಲ.

ಮನೆಗೆ ಬಂದು ಡಬ್ಬಿಯ ಬೆನ್ನ ಮೇಲಿನ ಸಣ್ಣಕ್ಷರಗಳನ್ನು ಮೊಬೈಲ್ ಬೆಳಕಿನಲ್ಲಿ ಓದಿದೆ. ಇನ್‌ಪುಟ್ 230 ವೋಲ್ಟ್. ಔಟ್‌ಪುಟ್ 12 ವೋಲ್ಟ್, 1.5 ಆಂಪ್. ಆ 12ರ ಪಕ್ಕದಲ್ಲಿ ಅಲೆಯಂಥದೊಂದು ಗುರುತು. ಇಡೀ ಲೇಬಲಿನಲ್ಲಿ ಮುಖ್ಯವಾದದ್ದು ಅದೇ. ಅಲೆಯಿದ್ದರೆ ಎಸಿ, ನೇರ ಗೆರೆಯ ಕೆಳಗೆ ತುಂಡು ಗೆರೆಯಿದ್ದರೆ ಡಿಸಿ. ಡಬ್ಬಿ ತೂಕದ ಕಲ್ಲಿನಂತೆ ಭಾರವಿತ್ತು, ಏಕೆಂದರೆ ಒಳಗಿರುವುದು ಬರೀ ಟ್ರಾನ್ಸ್‌ಫಾರ್ಮರ್. ಎಸಿಯನ್ನು ಡಿಸಿ ಮಾಡುವ ಡಯೋಡುಗಳು ಇಂಥ ಸ್ಪೀಕರುಗಳ ಹೊಟ್ಟೆಯಲ್ಲೇ ಇರುತ್ತವೆ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮೂರು ಅಂಗಡಿ ಹತ್ತಿಳಿದೆ. ಮೂರರಲ್ಲೂ 12 ವೋಲ್ಟ್ ಎಂದೊಡನೆ ಡಿಸಿ ಅಡಾಪ್ಟರನ್ನೇ ಮುಂದಿಟ್ಟರು. ಎಸಿ ಔಟ್‌ಪುಟ್ ಇರುವುದು ಸಿಗಲಿಲ್ಲ.

ಕೊನೆಗೆ ನಮ್ಮ ಬಡಾವಣೆಯಲ್ಲಿ ರೇಡಿಯೊ, ಟಿ.ವಿ. ರಿಪೇರಿ ಮಾಡುವ ಯಜಮಾನರ ಬಳಿ ಹೋದೆ. ಅವರು ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಅಡಾಪ್ಟರಿನ ಪಿನ್ನುಗಳಿಗೆ ಮುಟ್ಟಿಸಿದರು. ಮುಳ್ಳು ಅಲುಗಲಿಲ್ಲ. "ಪ್ರೈಮರಿ ಕಟ್ಟಾಗಿದೆ. ಒಳಗೆ ಥರ್ಮಲ್ ಫ್ಯೂಸ್ ಹೋಗಿರಬಹುದು, ಆದ್ರೆ ಅಂಟು ಹಾಕಿ ಮುಚ್ಚಿದ್ದಾರೆ. ಬೇರೆ ಕಟ್ಟಿಬಿಡೋಣ ಬಿಡಿ" ಎಂದು ಚೀಟಿ ಬರೆದುಕೊಟ್ಟರು. 12 ವೋಲ್ಟ್ 2 ಆಂಪ್ ಟ್ರಾನ್ಸ್‌ಫಾರ್ಮರ್ 240 ರೂಪಾಯಿ, ಪ್ಲಾಸ್ಟಿಕ್ ಬಾಕ್ಸು 70, ಫ್ಯೂಸು ಮತ್ತದರ ಹೋಲ್ಡರ್ 20, ಪವರ್ ಕಾರ್ಡ್ 60. ಸ್ಪೀಕರಿಗೆ ಸಿಕ್ಕಿಸುವ ಪಿನ್ನನ್ನು ಹಳೆಯ ವೈರಿನ ಸಮೇತ ಕತ್ತರಿಸಿ ಬೆಸುಗೆ ಹಾಕಿದರು. ಮೀಟರು 13.9 ತೋರಿಸಿದಾಗ ನನಗೆ ಗಾಬರಿಯಾಯಿತು. "ಲೋಡ್ ಇಲ್ಲದಾಗ ಹಾಗೇ. ಸಿಕ್ಕಿಸಿ ನೋಡಿ" ಎಂದರು. ಸ್ಪೀಕರ್ ಸಿಕ್ಕಿಸಿದಾಗ 12.4ಕ್ಕೆ ಇಳಿಯಿತು. ಮಜೂರಿ 150 ಸೇರಿ ಒಟ್ಟು 540 ರೂಪಾಯಿ ಖರ್ಚಾಯಿತು.

ನಿಮ್ಮದು ಡಿಸಿಯಾಗಿದ್ದರೆ ಇಷ್ಟು ಅಲೆದಾಟ ಬೇಕಿಲ್ಲ. ಇನ್ನೂರು, ಮುನ್ನೂರು ರೂಪಾಯಿಯಲ್ಲಿ ಕೆಲಸ ಮುಗಿಯುತ್ತದೆ. ವೋಲ್ಟ್ ಅಷ್ಟೇ ಇರಬೇಕು. ಆಂಪ್ ಅಷ್ಟೇ ಇರಲಿ, ಇಲ್ಲವೇ ಹೆಚ್ಚಿರಲಿ. ಹೆಚ್ಚಿದ್ದರೆ ಸ್ಪೀಕರ್ ಸುಡುತ್ತದೆ ಎನ್ನುವುದು ತಪ್ಪು ತಿಳಿವಳಿಕೆ, ಅದು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಆದರೆ 19 ವೋಲ್ಟಿನ ಲ್ಯಾಪ್‌ಟಾಪ್ ಚಾರ್ಜರ್ ಸಿಕ್ಕಿಸಿದರೆ ಸ್ಪೀಕರಿನ ಆಸೆ ಬಿಡಬೇಕಾದೀತು. ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಎಂಬುದನ್ನು ಲೇಬಲಿನ ಪುಟ್ಟ ಚಿತ್ರದಲ್ಲಿ ನೋಡಿ. ಹೊರಗಿನಿಂದ ಒಂದೇ ತರಹ ಕಾಣುವ ಪಿನ್ನುಗಳಲ್ಲೂ ಒಳರಂಧ್ರ 2.1 ಮಿ.ಮೀ., 2.5 ಮಿ.ಮೀ. ಎಂದು ಎರಡು ಬಗೆ ಉಂಟು. ಹಾಗಾಗಿ ಹಳೆಯದನ್ನು ಅಂಗಡಿಗೆ ಒಯ್ಯುವುದೇ ಮೇಲು.

ಒಂದು ಕಡೆ ಮಾತ್ರ ಜುಗ್ಗತನ ಬೇಡ. 230 ವೋಲ್ಟ್ ಮುಟ್ಟುವ ಭಾಗದಲ್ಲಿ ಉಳಿಸಿದ ನೂರು ರೂಪಾಯಿ ಉಳಿತಾಯವಲ್ಲ. ಹೆಸರಿಲ್ಲದ 90 ರೂಪಾಯಿಯ ಅಡಾಪ್ಟರನ್ನು ನಾನು ಮನೆಯೊಳಗೆ ತರುವುದಿಲ್ಲ. ಸಿದ್ಧ ಅಡಾಪ್ಟರಿನ ಮೇಲೆ ಬಿಐಎಸ್ ಗುರುತೂ 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಆ ಸಂಖ್ಯೆ ಅಸಲಿಯೇ ಎಂದು ಬಿಐಎಸ್ ಕೇರ್ ಆ್ಯಪಿನಲ್ಲಿ ನೋಡಬಹುದು. ಕಟ್ಟಿಸುವುದಾದರೆ ಕೆಲಸ ಬಲ್ಲವರಿಂದಲೇ ಕಟ್ಟಿಸಿ, ಫ್ಯೂಸ್ ಹಾಕಿಸಿ.

ಅಡಾಪ್ಟರಿನ ಮೇಲಿನ ಅಕ್ಷರಗಳು ವರ್ಷ ಕಳೆದಂತೆ ಅಳಿಸಿಹೋಗುತ್ತವೆ. ಮನೆಯಲ್ಲಿರುವ ಸ್ಪೀಕರ್, ರೂಟರ್, ಮೋಡೆಮ್ ಎಲ್ಲದರ ಅಡಾಪ್ಟರಿನ ಲೇಬಲ್ಲಿಗೆ ಇವತ್ತೇ ಒಂದೊಂದು ಫೋಟೊ ತೆಗೆದಿಟ್ಟುಕೊಳ್ಳಿ.