ಟರ್ಬೊ ಟ್ರಾಕ್ಟರಿನಲ್ಲಿ ಗಾಳಿ ಸೋರಿಕೆ: ಪತ್ತೆ ಮತ್ತು ಪರಿಹಾರ

ಸಸಿಮಡಿಯಲ್ಲಿ ಭತ್ತದ ಸಸಿಗಳು ನಾಟಿಗೆ ಸಿದ್ಧವಾಗಿ, ಕಾಲುವೆಗೆ ನೀರೂ ಬಂದಿರುವಾಗ, ಗದ್ದೆ ಕೆಸರು ಮಾಡಬೇಕಾದ ಟ್ರಾಕ್ಟರು ಹೊಗೆ ಕಾರುತ್ತ ನಿಂತುಬಿಟ್ಟರೆ ರೈತರ ಪೇಚಾಟ ಹೇಳತೀರದು. ಸಸಿಗಳ ವಯಸ್ಸು ಮೀರಿದಷ್ಟೂ ನಾಟಿಯ ನಂತರ ಒಡೆಯುವ ತೆಂಡೆಗಳು ಕಡಿಮೆಯಾಗುತ್ತವೆ. ಆದ್ದರಿಂದ ಬೇಸಾಯಶಾಸ್ತ್ರದ ಉಪನ್ಯಾಸಕನೊಬ್ಬ ಎಂಜಿನ್ನಿನ ವಿಷಯ ಬರೆಯುತ್ತಿರುವುದಕ್ಕೆ ಓದುಗರು ಆಶ್ಚರ್ಯಪಡಬೇಕಾಗಿಲ್ಲ.

ತುಂಗಭದ್ರಾ ಅಚ್ಚುಕಟ್ಟು ಪ್ರದೇಶದ ಹಳ್ಳಿಯೊಂದಕ್ಕೆ ಹೋಗಿದ್ದಾಗ ಕಂಡ ಸಂಗತಿ ಇದು. ಅಲ್ಲಿನ ರೈತರೊಬ್ಬರ ಟರ್ಬೊ ಟ್ರಾಕ್ಟರು ಬರಿದೇ ಓಡುವಾಗ ಯಾವ ತೊಂದರೆಯನ್ನೂ ತೋರುತ್ತಿರಲಿಲ್ಲ. ರೊಟವೇಟರನ್ನು ಕೆಸರಿಗೆ ಇಳಿಸಿದೊಡನೆ ಕಪ್ಪು ಹೊಗೆ ಉಗುಳಿ ಎಂಜಿನ್ನು ಕುಗ್ಗುತ್ತಿತ್ತು. ಅವರು ಡೀಸೆಲ್ ಪಂಪನ್ನು ಬಿಚ್ಚಿಸಿ, ಪಟ್ಟಣಕ್ಕೆ ಕಳುಹಿಸಿ, ಎರಡು ಸಲ ಸರಿಪಡಿಸಿ ತಂದಿದ್ದರು, ಇಂಜೆಕ್ಟರುಗಳನ್ನೂ ಬದಲಾಯಿಸಿದ್ದರು. ಆದರೂ ಹೊಗೆ ನಿಲ್ಲಲಿಲ್ಲ. ಕೊನೆಗೆ ನೋಡಿದರೆ, ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯ ನಡುವೆ ಅವರ ಮಗ ಹಾಕಿಸಿದ್ದ ಒಂದು ಕವಾಟವಿತ್ತು. ಆಕ್ಸಿಲರೇಟರ್ ಬಿಟ್ಟಾಗ 'ಪುಸ್ಸ್' ಎಂದು ಸದ್ದು ಮಾಡುವ ಇದಕ್ಕೆ ಬ್ಲೋ-ಆಫ್ ವಾಲ್ವ್ ಎಂದು ಹೆಸರು. ಜಾತ್ರೆಯ ದಾರಿಯಲ್ಲಿ ಆ ಸದ್ದು ಹುಡುಗರಿಗೆ ಚೆನ್ನವೇ. ಗದ್ದೆಯಲ್ಲಿ ಅದರ ಬೆಲೆ ಬೇರೆ.

ದೋಷ ಎಲ್ಲಿದೆಯೆಂದು ತಿಳಿಯಬೇಕಾದರೆ ಟರ್ಬೊ ಕೆಲಸ ಮಾಡುವ ರೀತಿಯನ್ನು ಮೊದಲು ತಿಳಿಯಬೇಕು. ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಷಿ 1905ರಲ್ಲಿ ಹಕ್ಕುಪತ್ರ ಪಡೆದ ಉಪಾಯದ ತಿರುಳು ಸರಳವಾದದ್ದು. ಸೈಲೆನ್ಸರಿನಿಂದ ವ್ಯರ್ಥವಾಗಿ ಹೋಗುವ ಬಿಸಿ ಹೊಗೆಯ ರಭಸದಿಂದ ಒಂದು ಚಕ್ರವನ್ನು ತಿರುಗಿಸುವುದು, ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವುದು. ಹೆಚ್ಚು ಗಾಳಿ ಸೇರಿದರೆ ಹೆಚ್ಚು ಡೀಸೆಲನ್ನು ಚೆನ್ನಾಗಿ ಸುಡಬಹುದು. ಒತ್ತಿದ ಗಾಳಿ ದಾರಿಯಲ್ಲಿ ಸೋರಿಹೋದರೆ, ಪಂಪು ಹಾಕುವ ಡೀಸೆಲ್ ಅಷ್ಟೇ ಇದ್ದು ಗಾಳಿ ಸಾಲದೆ ಅರೆಸುಟ್ಟ ಮಸಿ ಹೊರಬರುತ್ತದೆ. ಕಪ್ಪು ಹೊಗೆಯೆಂದರೆ ಇದೇ. ಹೊರೆಯಿಲ್ಲದಾಗ ಟರ್ಬೊ ಒತ್ತುವ ಗಾಳಿಯೇ ಅಲ್ಪವಾದ್ದರಿಂದ ಆಗ ಸೋರಿಕೆ ಗೊತ್ತಾಗುವುದಿಲ್ಲ.

ಈಗ ಈ ಕವಾಟದ ಮಾತು. ಪೆಟ್ರೋಲ್ ಕಾರಿನಲ್ಲಿ ಆಕ್ಸಿಲರೇಟರ್ ಬಿಟ್ಟೊಡನೆ ಗಾಳಿಯ ದಾರಿಯಲ್ಲಿರುವ ತಟ್ಟೆಯೊಂದು ಮುಚ್ಚಿಕೊಳ್ಳುತ್ತದೆ. ವೇಗವಾಗಿ ತಿರುಗುತ್ತಿರುವ ಟರ್ಬೊ ಒತ್ತಿದ ಗಾಳಿಗೆ ಹೋಗಲು ದಾರಿಯಿಲ್ಲದೆ ಅದು ಹಿಂದಕ್ಕೆ ನುಗ್ಗುತ್ತದೆ. ಅದನ್ನು ಹೊರಬಿಡಲು ಅಲ್ಲಿ ಇಂಥ ಕವಾಟ ಬೇಕು. ತಟ್ಟೆ ಮುಚ್ಚಿದಾಗ ಎಂಜಿನ್ನಿನ ಕಡೆ ಉಂಟಾಗುವ ಸೆಳೆತ ಸಣ್ಣ ರಬ್ಬರ್ ಕೊಳವೆಯ ಮೂಲಕ ಬಂದು ಕವಾಟವನ್ನು ತೆರೆಯುತ್ತದೆ. ಸ್ಪ್ರಿಂಗು ಅದನ್ನು ಮತ್ತೆ ಮುಚ್ಚುತ್ತದೆ. ಟ್ರಾಕ್ಟರಿನ ಡೀಸೆಲ್ ಎಂಜಿನ್ನಿನಲ್ಲಿ ವೇಗವನ್ನು ಹಿಡಿಯುವುದು ಗಾಳಿಯನ್ನು ತಡೆದಲ್ಲ, ಡೀಸೆಲನ್ನು ಕಡಿಮೆ ಮಾಡಿ. ಗಾಳಿ ಎಂಜಿನ್ನಿಗೆ ಹೋಗುತ್ತಲೇ ಇರುತ್ತದೆ. ಹೊಸ ಎಂಜಿನ್ನುಗಳಲ್ಲಿ ಕೆಲವಕ್ಕೆ ಗಾಳಿಯ ದಾರಿಯಲ್ಲಿ ತಟ್ಟೆ ಇರುವುದುಂಟು, ಆದರೆ ಅದು ಹೊಗೆ ಶುದ್ಧಿಯಂಥ ಬೇರೆ ಕೆಲಸಕ್ಕೆ. ಹೀಗಾಗಿ ಡೀಸೆಲ್ ಟ್ರಾಕ್ಟರಿಗೆ ಈ ಕವಾಟದ ಅಗತ್ಯವೇ ಇಲ್ಲ. ಅದನ್ನು ತೆರೆಯಲು ಬೇಕಾದ ಸೆಳೆತವೂ ಅಲ್ಲಿರುವುದಿಲ್ಲವಾದ್ದರಿಂದ ಮಾರುವವರು ವಿದ್ಯುತ್ ಸ್ವಿಚ್ಚು ಸೇರಿಸಿ ತೆರೆಸುತ್ತಾರೆ.

ಮೇಲೆ ಹೇಳಿದ ಟ್ರಾಕ್ಟರಿನಲ್ಲಿ ಕವಾಟದ ಹೊರಬಾಯಿಗೆ ಸಿಡಿದ ಕೆಸರು ಒಣಗಿ, ಕವಾಟ ಪೂರ್ತಿ ಕೂರದೆ ಒಂದು ಸಣ್ಣ ಸಂದು ಉಳಿದಿತ್ತು. ಹೊರೆ ಬಿದ್ದಾಗ ಅಲ್ಲಿಂದ ಗಾಳಿ ಸೋರುತ್ತಿತ್ತು. ಇದಕ್ಕಿಂತ ಕೆಟ್ಟ ಸಂಗತಿ ಇನ್ನೊಂದಿದೆ. ಎಂಜಿನ್ನು ನಿಧಾನವಾಗಿ ಓಡುವಾಗ ಕೊಳವೆಯೊಳಗೆ ಒತ್ತಡಕ್ಕೆ ಬದಲಾಗಿ ಸ್ವಲ್ಪ ಸೆಳೆತವಿರಬಹುದು. ಆಗ ಅದೇ ಸಂದಿನಿಂದ, ಏರ್ ಕ್ಲೀನರಿನಲ್ಲಿ ಸೋಸದ ಧೂಳು ನೇರವಾಗಿ ಸಿಲಿಂಡರಿಗೆ ಹೋಗುತ್ತದೆ. ಕಪ್ಪು ಹೊಗೆ ಕಣ್ಣಿಗೆ ಕಾಣುತ್ತದೆ. ಲೈನರು ಸವೆಯುವುದು ಕಾಣುವುದಿಲ್ಲ. ಎಣ್ಣೆ ಸುಟ್ಟು ನೀಲಿ ಹೊಗೆ ಬರತೊಡಗಿದಾಗಲಷ್ಟೇ ತಿಳಿಯುತ್ತದೆ.

ಪರೀಕ್ಷೆಗೆ ಹೆಚ್ಚು ಖರ್ಚಿಲ್ಲ. ಇಂಥ ಕವಾಟವಿದ್ದರೆ ಅದನ್ನು ಬಿಚ್ಚಿ, ಕಂಪನಿಯ ಮೂಲ ಕೊಳವೆಯನ್ನೇ ಕೂರಿಸಿ, ಹೊರೆ ಹಾಕಿ ನೋಡಬೇಕು. ಆ ರೈತರ ಟ್ರಾಕ್ಟರು ಇಷ್ಟರಿಂದಲೇ ಸರಿಹೋಯಿತು. ಕವಾಟವಿಲ್ಲದಿದ್ದರೆ ಟರ್ಬೊದಿಂದ ಎಂಜಿನ್ನಿನವರೆಗಿನ ರಬ್ಬರ್ ಕೊಳವೆಗಳನ್ನು ಕ್ಲಾಂಪು ಸಡಿಲಿಸಿ, ತೆಗೆದು, ಮಡಿಸಿ ನೋಡತಕ್ಕದ್ದು. ಬಿರುಕು ಸಾಮಾನ್ಯವಾಗಿ ಕ್ಲಾಂಪಿನ ಅಡಿಯಲ್ಲೇ ಅಡಗಿರುತ್ತದೆ. ಕೀಲಿನ ಸುತ್ತ ಎಣ್ಣೆ ಬೆರೆತ ಕಪ್ಪು ಧೂಳಿನ ಗೆರೆ ಕಂಡರೆ ಅಲ್ಲಿ ಸೋರಿಕೆಯಿದೆಯೆಂದು ಬಹುಮಟ್ಟಿಗೆ ನಂಬಬಹುದು. ಆಗಲೂ ಸಿಗದಿದ್ದರೆ, ಎಂಜಿನ್ ನಿಲ್ಲಿಸಿ, ಟರ್ಬೊದ ಬಾಯಿಗೆ ಬಿಗಿಯಾದ ಮುಚ್ಚಳ ಹಾಕಿ, ಮೆಕ್ಯಾನಿಕರ ಕೈಯಲ್ಲಿ ಅತಿ ಕಡಿಮೆ ಒತ್ತಡದ ಗಾಳಿ ಬಿಡಿಸಿ, ಕೀಲುಗಳಿಗೆ ಸೋಪಿನ ನೀರು ಸವರಿದರೆ ಗುಳ್ಳೆಗಳು ಏಳುತ್ತವೆ. ಸಿಲಿಂಡರಿನ ತೆರೆದ ವಾಲ್ವುಗಳ ಮೂಲಕ ಒತ್ತಡ ತಾನಾಗಿಯೇ ಇಳಿಯುವುದು ಸಹಜ. ಗುಳ್ಳೆಯನ್ನು ಮಾತ್ರ ನೋಡಬೇಕು.

ಕೆಲವು ಪಂಪುಗಳಿಗೆ ಗಾಳಿಯ ಕೊಳವೆಯಿಂದ ಒಂದು ಸಣ್ಣ ನಳಿಕೆ ಇರುತ್ತದೆ. ಗಾಳಿಯ ಒತ್ತಡ ಹೆಚ್ಚಿದಂತೆ ಪಂಪು ಡೀಸೆಲನ್ನು ಹೆಚ್ಚಿಸಲು ಅದು ನೆರವಾಗುತ್ತದೆ. ಈ ನಳಿಕೆ ತುಂಡಾದರೆ ಹೊಗೆಯಿಲ್ಲದೆಯೇ ಬಲ ಕುಂದುತ್ತದೆ. ವಿದ್ಯುನ್ಮಾನ ನಿಯಂತ್ರಣವಿರುವ ಹೊಸ ಟ್ರಾಕ್ಟರುಗಳಲ್ಲಿ ಎಚ್ಚರಿಕೆಯ ದೀಪ ಹತ್ತಿ ಎಂಜಿನ್ನು ತಾನಾಗಿ ಬಲ ತಗ್ಗಿಸಿಕೊಳ್ಳಬಹುದು. ಆಗ ದೀಪವನ್ನು ಆರಿಸಿಕೊಡುತ್ತೇವೆನ್ನುವವರ ಬಳಿಗೆ ಹೋಗುವ ಮೊದಲು ಕೊಳವೆ ನೋಡುವುದು ಮೇಲು.

ಏರ್ ಕ್ಲೀನರಿನಿಂದ ಟರ್ಬೊವರೆಗಿನ ಕೊಳವೆಯನ್ನು ಬೇರೆಯಾಗಿಯೇ ಪರಿಗಣಿಸಬೇಕು. ಇಲ್ಲಿ ಬಿರುಕಿದ್ದರೆ ಗಾಳಿ ಹೊರಹೋಗುವುದಿಲ್ಲ, ಧೂಳು ಒಳಸೇರುತ್ತದೆ. ಸದ್ದಿಲ್ಲ, ಹೊಗೆಯಿಲ್ಲ. ಎಂಜಿನ್ ನಿಲ್ಲಿಸಿ ಈ ಕೊಳವೆಯ ಒಳಗೋಡೆಯನ್ನು ಬೆರಳಿನಿಂದ ಒರೆಸಿದಾಗ ಮಣ್ಣು ಅಂಟಿದರೆ ಟ್ರಾಕ್ಟರನ್ನು ಅಂದೇ ಕೆಲಸದಿಂದ ಬಿಡಿಸಬೇಕು. ಏರ್ ಕ್ಲೀನರು ಕಟ್ಟಿಕೊಂಡರೂ ಇನ್ನೊಂದು ಮೋಸವಿದೆ: ಸೆಳೆತ ಹೆಚ್ಚಾಗಿ ಟರ್ಬೊದ ಸೀಲಿನಿಂದ ಎಣ್ಣೆ ಒಳಕ್ಕೆ ಬಂದು ನೀಲಿ ಹೊಗೆ ಕಾಣುತ್ತದೆ. ಟರ್ಬೊ ಹೋಯಿತೆಂದು ಹೊಸದಕ್ಕೆ ಹಣ ಕೊಟ್ಟವರುಂಟು. ಜಾಲರಿಯನ್ನು ಟೈರಿಗೆ ಬಡಿದು ಸ್ವಚ್ಛ ಮಾಡುವ ರೂಢಿಯನ್ನಂತೂ ಬಿಡಲೇಬೇಕು. ಕಾಗದದ ಮಡಿಕೆ ಹರಿದರೆ ಅದು ಶೋಧಕವಾಗಿ ಉಳಿಯುವುದಿಲ್ಲ.

ಎಂಜಿನ್ ಓಡುತ್ತಿರುವಾಗ ಬಿಚ್ಚಿದ ಟರ್ಬೊದ ಬಾಯಿಯ ಹತ್ತಿರ ಕೈ, ಪಂಚೆ, ಟವೆಲು ಯಾವುದನ್ನೂ ಒಯ್ಯಬಾರದು. ಆ ಚಕ್ರ ಹೊರೆಯಲ್ಲಿ ನಿಮಿಷಕ್ಕೆ 1 ಲಕ್ಷ ಸುತ್ತನ್ನೂ ಮೀರಬಲ್ಲದು, ಮತ್ತು ಅದರ ದಂಡ ತೇಲುವುದು ಎಂಜಿನ್ ಎಣ್ಣೆಯ ತೆಳು ಪದರದ ಮೇಲೆ. ಕೆಸರು ಮಾಡಿ ದಡಕ್ಕೆ ಬಂದೊಡನೆ ಎಂಜಿನ್ನನ್ನು ಆರಿಸಿದರೆ ಎಣ್ಣೆ ನಿಂತು, ಉಳಿದ ಎಣ್ಣೆ ಬಿಸಿಗೆ ಕರಿಕಟ್ಟುತ್ತದೆ. ಎರಡು ಮೂರು ನಿಮಿಷ ನಿಧಾನವಾಗಿ ಓಡಲು ಬಿಟ್ಟು, ಆ ಹೊತ್ತಿನಲ್ಲಿ ಕೈಕಾಲು ತೊಳೆದುಕೊಂಡು ಬಂದು ಆಮೇಲೆ ಆರಿಸಬಹುದು.